ಚೊಚ್ಚಲ ಬಸಿರೂ ತವರಿನ ಲೆಕ್ಕವೂ

ಮನೆಯ ಮಗಳಾಗಲಿ ಸೊಸೆಯಾಗಲಿ ಮೊದಲ ಸಲ ಬಸುರಿಯೆಂದು ತಿಳಿದ ಗಳಿಗೆಯಿಂದ ಆಕೆಯ ಊಟ, ನಿದ್ರೆ, ಓಡಾಟ, ಉಡುಗೆತೊಡುಗೆಗಳ ವಿಷಯವಾಗಿ ಬಂಧುವರ್ಗದವರೂ ನೆರೆಹೊರೆಯವರೂ ಕೊಡತಕ್ಕ ಸಲಹೆಗಳಿಗೆ ಕೊನೆಯೆಂಬುದಿಲ್ಲ. ಆದರೆ ಆ ಒಂಬತ್ತು ತಿಂಗಳುಗಳೂ ಅವುಗಳ ಬೆನ್ನಿಗೇ ಬರುವ ಬಾಣಂತನವೂ ಎಷ್ಟು ಹಣವನ್ನು ಬೇಡುವುವು, ಅದನ್ನು ಯಾರು ಯಾವ ಮೂಲದಿಂದ ಒದಗಿಸತಕ್ಕದ್ದು ಎಂಬ ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಮೌನ ತಾಳುವರು. ಹುಟ್ಟಲಿರುವ ಜೀವದ ಎದುರಿನಲ್ಲಿ ರೂಪಾಯಿಯ ಮಾತೆತ್ತುವುದು ಅಮಂಗಳವೆಂಬ ಭಾವನೆ ನಮ್ಮ ಹಿರಿಯರಲ್ಲಿ ಆಳವಾಗಿ ಬೇರೂರಿದೆ. ನಮ್ಮ ಮನೆಯಲ್ಲಿ ಈ ಪ್ರಸಂಗ ಮೊದಲು ಬಂದಾಗ ನನ್ನ ಅತ್ತೆಯವರು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಗಾದೆಯನ್ನು ನೆನಪಿಸಿ ಸುಮ್ಮನಿರಿಸಲೆತ್ನಿಸಿದರು. ಅದಕ್ಕೆ ನನ್ನ ಯಜಮಾನರು, "ಕುಲಾವಿ ಕೊಳ್ಳೋದು ಬೇಡಮ್ಮ, ಕುಲಾವಿ ದುಡ್ಡು ತೆಗೆದಿಡೋಣ" ಎಂದರು. ಆ ಉತ್ತರದಲ್ಲಿ ಸಂಪ್ರದಾಯಕ್ಕೆ ಭಂಗವೂ ಇರಲಿಲ್ಲ, ವಿವೇಕಕ್ಕೆ ಕೊರತೆಯೂ ಇರಲಿಲ್ಲ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಚೊಚ್ಚಲ ಬಸಿರಿನ ವೆಚ್ಚದಲ್ಲಿ ರಸೀದಿಯೊಡನೆ ಬರುವ ಭಾಗವನ್ನು ಎಲ್ಲರೂ ಕಾಣುವರು, ರಸೀದಿಯಿಲ್ಲದ ಭಾಗವನ್ನು ಯಾರೋ ಒಬ್ಬರು ಸದ್ದಿಲ್ಲದೆ ಹೊರುವರು, ಮತ್ತು ಆ ಹೊರುವವರು ಬಹುಮಟ್ಟಿಗೆ ನಮಗಿಂತ ಕಡಿಮೆ ಶಕ್ತಿಯುಳ್ಳವರಾಗಿರುವರು.

2023ರಲ್ಲಿ ನನಗೆ ಗರ್ಭ ನಿಂತುದು ಖಚಿತವಾದಾಗ ನಾನು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿಯೂ ನನ್ನ ಯಜಮಾನರು ಒಂದು ಕಾಲೇಜಿನಲ್ಲಿಯೂ ಕೆಲಸದಲ್ಲಿದ್ದೆವು. ವೈದ್ಯರ ಗಣನೆಯಲ್ಲಿ ಗರ್ಭಾವಧಿಯು ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳೆಂದು ಹೇಳುವರಾದರೂ, ವೆಚ್ಚವು ಆ ದಿನಗಳ ಮೇಲೆ ಸಮನಾಗಿ ಹರಡಿಕೊಂಡಿರುವುದಿಲ್ಲ. 11ನೆಯ ವಾರದಿಂದ 14ನೆಯ ವಾರದೊಳಗೆ ಒಂದು ಸ್ಕ್ಯಾನಿಂಗೂ ಅದರೊಡನೆ ರಕ್ತಪರೀಕ್ಷೆಗಳ ಒಂದು ದೊಡ್ಡ ಗುಂಪೂ ಬರುವುವು. 18ರಿಂದ 20ನೆಯ ವಾರದ ಸುಮಾರಿಗೆ ಶಿಶುವಿನ ಅಂಗಾಂಗಗಳನ್ನು ಒಂದೊಂದಾಗಿ ನೋಡುವ ದೀರ್ಘವಾದ ಸ್ಕ್ಯಾನಿಂಗು. 24ರಿಂದ 28ನೆಯ ವಾರದೊಳಗೆ ಗ್ಲೂಕೋಸು ಕುಡಿಸಿ ಮಾಡುವ ಸಕ್ಕರೆಯ ಪರೀಕ್ಷೆ. ಕಡೆಯ ತಿಂಗಳಿನಲ್ಲಂತೂ ವಾರಕ್ಕೊಮ್ಮೆ ವೈದ್ಯರ ದರ್ಶನ. ಆಸ್ಪತ್ರೆಯಲ್ಲಿ ಮಲಗದೆ ಮಾಡಿಸಿಕೊಳ್ಳುವ ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾದ ಆರೋಗ್ಯವಿಮೆಗಳು ಹಣ ಕೊಡುವುದಿಲ್ಲವಾದುದರಿಂದ ಇವೆಲ್ಲವೂ ಕೈಯಿಂದಲೇ ಹೋಗತಕ್ಕವು. ಮೊದಲ ಮೂರು ತಿಂಗಳು ನಾನು ಬೆಳಗಿನ ವಾಂತಿಯಿಂದ ಬಸ್ಸಿನಲ್ಲಿ ನಿಲ್ಲಲಾರದೆ ದಿನವೂ ಆಟೋದಲ್ಲಿ ಕಛೇರಿಗೆ ಹೋಗಬೇಕಾಯಿತು. ಆ ಬಾಡಿಗೆಯೆಲ್ಲವೂ ಸೇರಿ ಒಂದು ಸ್ಕ್ಯಾನಿಂಗಿನ ಶುಲ್ಕವನ್ನು ಮೀರಿತೆಂಬುದನ್ನು ಲೆಕ್ಕ ಬರೆಯುವ ಅಭ್ಯಾಸವಿಲ್ಲದಿದ್ದರೆ ನಾನು ತಿಳಿಯುತ್ತಿರಲಿಲ್ಲ. ಆ ಅಭ್ಯಾಸದ ನಡುವೆಯೇ ಒಂದು ಸಂಜೆ, ತಿಂಗಳ ಕಡೆಯ ಲೆಕ್ಕವನ್ನು ತಾಳೆ ನೋಡುತ್ತ ಕುಳಿತಿದ್ದಾಗ, ಕೂಸು ಮೊದಲ ಸಲ ಹೊಟ್ಟೆಯಲ್ಲಿ ಮಿಸುಕಿತು. ನಾನು ಲೇಖನಿಯನ್ನು ಕೆಳಗಿಟ್ಟು ಬಹಳ ಹೊತ್ತು ಆ ಎರಡನೆಯ ಮಿಸುಕಾಟಕ್ಕಾಗಿ ಕಾದೆನು. ಅಂದಿನಿಂದ ಪ್ರತ್ಯೇಕವಾಗಿ ತೆರೆದಿದ್ದ ಉಳಿತಾಯ ಖಾತೆಗೆ ತಿಂಗಳಿಗೊಮ್ಮೆ ಹಣ ಹಾಕುವುದು ನನಗೆ ವ್ರತದಂತೆಯೇ ಆಯಿತು.

ಆಸ್ಪತ್ರೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸ್ವಂತಕ್ಕೆಂದು ಕೊಂಡ ಆರೋಗ್ಯವಿಮೆಯಲ್ಲಿ ಹೆರಿಗೆಯ ವೆಚ್ಚಕ್ಕೆ ಅವಕಾಶವಿದ್ದರೂ ಅದಕ್ಕೆ ಕಾಯುವ ಅವಧಿಯೊಂದು ಇದ್ದೇ ಇರುವುದು. ಬಹುಪಾಲು ಪಾಲಿಸಿಗಳಲ್ಲಿ ಅದು ಎರಡರಿಂದ ನಾಲ್ಕು ವರ್ಷಗಳವರೆಗೂ ಹೋಗುವುದಾದ ಕಾರಣ, ಬಸುರಿಯಾದ ಮೇಲೆ ಕೊಂಡ ಪಾಲಿಸಿಯಿಂದ ಆ ಹೆರಿಗೆಗೆ ಒಂದು ಕಾಸಿನ ಪ್ರಯೋಜನವೂ ಒದಗದು. ಮದುವೆಯಾದ ವರ್ಷವೇ ಈ ಯೋಚನೆಯನ್ನು ಮಾಡುವುದು ಯುಕ್ತ. ಕಛೇರಿಗಳವರು ನೌಕರರಿಗೆಲ್ಲ ಒಟ್ಟಾಗಿ ಕೊಳ್ಳುವ ಸಮೂಹ ವಿಮೆಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆಯಿಲ್ಲ; ಆದರೆ ಅದರಲ್ಲಿ ಹೆರಿಗೆಗೆಂದೇ ಒಂದು ಮಿತಿಯಿರುವುದು, ಆ ಮಿತಿಯೊಳಗೆ ಕೋಣೆಯ ಬಾಡಿಗೆಗೆ ಮತ್ತೊಂದು ಮಿತಿಯಿರುವುದು. ಈ ಎರಡನೆಯ ಮಿತಿಯ ವ್ಯಾಪಾರವನ್ನು ಅನೇಕರು ಅರಿಯರು. ವಿಮೆಯ ಮೊತ್ತ 4 ಲಕ್ಷ ರೂಪಾಯಿ, ದಿನದ ಕೋಣೆಯ ಬಾಡಿಗೆಗೆ ಅದರಲ್ಲಿ ಶೇಕಡಾ 1 ಎಂದಿಟ್ಟುಕೊಳ್ಳೋಣ. ಆಗ ನಮಗೆ ಸಲ್ಲತಕ್ಕ ಬಾಡಿಗೆ 4,000 ರೂಪಾಯಿ. 8,000 ರೂಪಾಯಿಯ ಕೋಣೆಯನ್ನು ಹಿಡಿದವರು, ಹೆಚ್ಚಿನ 4,000 ರೂಪಾಯಿಯನ್ನು ತಾವು ತೆತ್ತರೆ ಸಾಕೆಂದು ಭಾವಿಸುವರು. ವಾಸ್ತವದಲ್ಲಿ ವಿಮೆಯವರು ಶಸ್ತ್ರಕ್ರಿಯೆಯ ಶುಲ್ಕ, ವೈದ್ಯರ ಶುಲ್ಕ, ಶುಶ್ರೂಷೆಯ ಶುಲ್ಕ ಮೊದಲಾದವುಗಳನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿ ಅರ್ಧವನ್ನೇ ಕೊಡಬಹುದು. ಔಷಧಿ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತವನ್ನು ಅನ್ವಯಿಸಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ವಿಧಿಸಿತಾದರೂ ಉಳಿದ ಭಾಗವೇ ಹೆರಿಗೆಯ ಬಿಲ್ಲಿನಲ್ಲಿ ದೊಡ್ಡದು. ಅದಲ್ಲದೆ ಅನೇಕ ಆಸ್ಪತ್ರೆಗಳಲ್ಲಿ ಕೋಣೆಯ ದರ್ಜೆ ಏರಿದಂತೆ ವೈದ್ಯರ ಶುಲ್ಕವೂ ಏರುವುದು. ಆದುದರಿಂದ ನಾವು ಮಿತಿಯೊಳಗಿನ, ಇಬ್ಬರು ಹಂಚಿಕೊಳ್ಳುವ ಕೋಣೆಯನ್ನೇ ಗೊತ್ತುಮಾಡಿದೆವು; ಪಕ್ಕದ ಹಾಸಿಗೆಯ ತಾಯಿ ಹಾಸನದ ಕಡೆಯವಳು, ಎರಡನೆಯ ಹೆರಿಗೆಯವಳು, ಮೊದಲ ರಾತ್ರಿ ಕೂಸಿಗೆ ಹಾಲು ಹಿಡಿಸುವುದನ್ನು ಆಕೆ ನನಗೆ ಕಲಿಸಿಕೊಟ್ಟಳು. ಏಕಾಂತದ ಕೋಣೆಯಲ್ಲಿ ನನಗೆ ಆ ಸಹಾಯ ದೊರೆಯುತ್ತಿರಲಿಲ್ಲ.

ಆಸ್ಪತ್ರೆಗಳವರು ಹೇಳುವ ಪ್ಯಾಕೇಜುಗಳಲ್ಲಿ ಸಹಜ ಹೆರಿಗೆಗೆ ಒಂದು ದರ, ಸಿಸೇರಿಯನ್‌ಗೆ ಒಂದು ದರ. ನಮ್ಮ ತಯಾರಿ ಯಾವುದಕ್ಕೆ ಇರತಕ್ಕದ್ದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಖಾಸಗಿ ಆಸ್ಪತ್ರೆಗಳಲ್ಲಿ ನಡೆದ ಹೆರಿಗೆಗಳಲ್ಲಿ ಶೇಕಡಾ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 14.3. ಈ ಅಂತರದ ಔಚಿತ್ಯವನ್ನು ವೈದ್ಯರೂ ಸಮಾಜವೂ ವಿಚಾರಮಾಡಬೇಕು. ಆದರೆ ಗೃಹಸ್ಥರಾದವರು ಎರಡಕ್ಕೆ ಒಂದು ಪಾಲು ಸಂಭವವಿರುವ ಘಟನೆಯನ್ನು ಆಕಸ್ಮಿಕವೆಂದು ಎಣಿಸಲಾಗದು. ನಾವು ಸಿಸೇರಿಯನ್ನಿನ ದರಕ್ಕೇ ಹಣ ಕೂಡಿಸಿದ್ದೆವು. ನೋವು ಬಂದು ರಾತ್ರಿಯೆಲ್ಲ ಕಳೆದ ಮೇಲೆ ಕೂಸಿನ ಎದೆಬಡಿತ ಇಳಿಯತೊಡಗಿತೆಂದು ವೈದ್ಯರು ಬಂದು ಹೇಳಿದಾಗ ನನ್ನ ಯಜಮಾನರು ಹಣದ ಯೋಚನೆಯಿಲ್ಲದೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರೆಂಬುದೇ ಆ ಉಳಿತಾಯದಿಂದ ನಮಗೆ ದೊರೆತ ಅತ್ಯಂತ ದೊಡ್ಡ ಫಲ. ಮಗಳಿಗೆ ಮೂರನೆಯ ದಿನ ಕಾಮಾಲೆ ಕಾಣಿಸಿಕೊಂಡು ಅವಳನ್ನು ನೀಲಿ ದೀಪದಡಿಯಲ್ಲಿ ಇರಿಸಿದರು. ಇದು ನವಜಾತ ಶಿಶುಗಳಲ್ಲಿ ಬಹು ಸಾಮಾನ್ಯವಾದುದು. ಆ ವೆಚ್ಚವು ತಾಯಿಯ ಪ್ಯಾಕೇಜಿಗೆ ಸೇರದೆ ಶಿಶುವಿನ ಹೆಸರಿನಲ್ಲಿ ಬೇರೆ ಬಿಲ್ಲಾಗಿ ಬರುವುದು. ಶಿಶುವಿಗೆ ಮೊದಲ ದಿನದಿಂದಲೇ ರಕ್ಷೆಯುಂಟೇ, ಅದರ ಹೆಸರನ್ನು ಎಷ್ಟು ದಿನಗಳೊಳಗೆ ಸೇರಿಸಬೇಕು ಎಂಬುದನ್ನು ಏಳನೆಯ ತಿಂಗಳಿನಲ್ಲಿಯೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಜನನದ ನೋಂದಣಿ 21 ದಿನಗಳೊಳಗಾದರೆ ಅದಕ್ಕೆ ಶುಲ್ಕವಿಲ್ಲ.

ರಜೆಯ ವಿಷಯ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯಿತು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಿಂದಿನ 12 ತಿಂಗಳುಗಳಲ್ಲಿ 80 ದಿನ ಕೆಲಸ ಮಾಡಿರುವವಳು ಇದಕ್ಕೆ ಅರ್ಹಳು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ 26 ವಾರಗಳು ಹಾಗೆಯೇ ಉಳಿದಿವೆ. ಗಮನಿಸಬೇಕಾದುದೇನೆಂದರೆ, ರಜೆಗೆ ಹಿಂದಿನ ಮೂರು ತಿಂಗಳುಗಳ ಸರಾಸರಿ ದಿನಗೂಲಿಯ ಆಧಾರದ ಮೇಲೆ ಈ ವೇತನವನ್ನು ಗಣಿಸುವುದರಿಂದ, ಆ ಮೂರು ತಿಂಗಳುಗಳಲ್ಲಿ ಸಂಬಳವಿಲ್ಲದ ರಜೆ ಹಾಕುವ ಮುನ್ನ ಕಛೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ನನ್ನ ಸಂಬಳ ನಿಲ್ಲಲಿಲ್ಲ. ಹಾಗಾಗಿ ಬಾಣಂತನದ ಕಾಲದಲ್ಲಿ ನಾನು ಹಣವುಳ್ಳವಳಾಗಿಯೇ ತಿಪಟೂರಿನ ನನ್ನ ತವರುಮನೆಗೆ ಹೋದೆನು, ಮತ್ತು ನನ್ನ ನಿಜವಾದ ಲೆಕ್ಕ ಆರಂಭವಾದುದು ಅಲ್ಲಿ.

ಚೊಚ್ಚಲ ಬಾಣಂತನ ತವರಿನದೆಂಬುದು ನಮ್ಮಲ್ಲಿ ಪ್ರಶ್ನೆಗೆ ಒಳಗಾಗದ ನಿಯಮ. ಹಸಿ ಮೈಯ ಮಗಳು ಹೆತ್ತವಳ ಕೈಯೊಳಗೆ ಇರಬೇಕೆಂಬ ಆ ನಿಯಮದ ಹಿಂದಿರುವ ಕರುಣೆಯನ್ನು ನಾನು ಅನುಭವಿಸಿ ಬಲ್ಲೆನು. ನನ್ನ ತಂದೆಯವರು ನಿವೃತ್ತ ಉಪಾಧ್ಯಾಯರು. ಅವರ ಪಿಂಚಣಿಯೇ ಮನೆಗೆ ಆಧಾರ. ನನ್ನ ತಾಯಿ ಮಂಡಿನೋವಿನವಳು. ನಾನು ಹೋಗುವ ವೇಳೆಗೆ ಮನೆಯಲ್ಲಿ ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತುತ್ತೆ, ಗೋಡಂಬಿ, ಬೆಣ್ಣೆ ಕಾಯಿಸಿದ ತುಪ್ಪ, ಲೇಹ್ಯಕ್ಕೆ ಬೇಕಾದ ಗ್ರಂಥಿಗೆಯ ಸಾಮಾನು, ಕೂಸಿಗೆ ಬಜೆ, ಸಾಂಬ್ರಾಣಿ, ಹಂಡೆಯೊಲೆಗೆ ಸೌದೆ ಎಲ್ಲವೂ ಸಿದ್ಧವಾಗಿದ್ದುವು. ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ಊರಿನಲ್ಲಿಯೂ ಕೊಬ್ಬರಿ ಪುಕ್ಕಟೆಯಾಗಿ ದೊರೆಯುವುದಿಲ್ಲ. ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೆ ಬರುತ್ತಿದ್ದ ಹೆಂಗಸಿಗೆ ದಿನದ ಕೂಲಿ, ಬಿಡುವ ದಿನ ಸೀರೆ ಕುಬಸ. ನಾಮಕರಣಕ್ಕೆ ಬಂದವರ ಊಟ. ಮೊಮ್ಮಗಳಿಗೆ ಬೆಳ್ಳಿಯ ಉಡುದಾರ, ಕಾಲ್ಗಡಗ. ನನ್ನನ್ನು ಕಳುಹಿಸಿಕೊಡುವಾಗ ರೇಷ್ಮೆಯ ಸೀರೆ. ಇವುಗಳಲ್ಲಿ ಒಂದಕ್ಕೂ ವಿಮೆಯಿಲ್ಲ, ಪ್ಯಾಕೇಜಿಲ್ಲ. ಆಸ್ಪತ್ರೆಯಲ್ಲಿ ನಾವು ನಮ್ಮ ಕೈಯಿಂದ ತೆತ್ತುದಕ್ಕಿಂತ ಇದು ಹೆಚ್ಚೆಂದು ನನ್ನ ಅಂದಾಜಿಗೆ ಬಂದಿತು. ಸಂಬಳ ಬರುತ್ತಿರುವ ಇಬ್ಬರ ಮಗುವಿನ ಜನನದ ಹೆಚ್ಚಿನ ಭಾರವು ಪಿಂಚಣಿಯ ಮೇಲೆ ಬೀಳುವುದು ಯಾವ ನ್ಯಾಯವೆಂದು ನಾನು ರಾತ್ರಿಗಳಲ್ಲಿ ಕೂಸನ್ನು ತಟ್ಟುತ್ತ ಯೋಚಿಸಿದೆನು.

ಅಮ್ಮನನ್ನು ಕೇಳಿದೆನು: "ಅಮ್ಮ, ಇದುವರೆಗೆ ಎಷ್ಟು ಖರ್ಚಾಯ್ತು ಹೇಳು." ಅವಳಿಗೆ ನೋವಾಯಿತು. "ತವರುಮನೇಲಿ ಲೆಕ್ಕ ಕೇಳ್ತಾರೇನೇ? ನಮ್ಮಮ್ಮ ನಂಗೆ ಮಾಡಿದ್ದಕ್ಕೆ ನಾನು ಲೆಕ್ಕ ಕೇಳಿದ್ನಾ?" ಎಂದಳು. ಅವಳ ಮಾತಿಗೆ ಪ್ರತ್ಯುತ್ತರವುಂಟು, ಆದರೆ ಅದನ್ನು ಆಡುವ ಸ್ಥಳ ಅದಲ್ಲ. ಅವಳ ಕಾಲದಲ್ಲಿ ತವರಿನಲ್ಲಿ ಹಿಂಡುವ ಎಮ್ಮೆಯಿತ್ತು, ಸೌದೆಯನ್ನು ಕೊಳ್ಳಬೇಕಾಗಿರಲಿಲ್ಲ, ಮನೆತುಂಬ ಕೈಗಳಿದ್ದುವು. ಅಂದು ದುಡಿಮೆಯ ರೂಪದಲ್ಲಿ ಸಂದುದು ಇಂದು ನಗದಿನ ರೂಪದಲ್ಲಿ ಸಲ್ಲಬೇಕಾಗಿದೆ, ಕೈಗಳು ಮಾತ್ರ ಅವಳೊಬ್ಬಳ ಎರಡೇ ಉಳಿದಿವೆ. ಕಡೆಗೆ ನನ್ನ ಯಜಮಾನರು ತಂದೆಯವರೊಡನೆ ಬಾವಿಕಟ್ಟೆಯ ಬಳಿ ಕುಳಿತು ಮಾತನಾಡಿದರು. "ಮಾವ, ನೀವು ಕೊಡೋದನ್ನ ನಾವು ಬೇಡ ಅನ್ನಲ್ಲ. ಅಂಗಡಿ ಲೆಕ್ಕ, ನೀರು ಹಾಕೋರ ಕೂಲಿ, ಅತ್ತೆಗೆ ಮನೆಗೆಲಸಕ್ಕೆ ಒಬ್ಬರು, ಇಷ್ಟು ನಮ್ಮದು. ಕೂಸಿನ ಬೆಳ್ಳಿ, ಅವಳ ಸೀರೆ, ಅದು ನಿಮ್ಮದು" ಎಂದರು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಅಂಗಡಿ ಶೆಟ್ಟರ ಹತ್ರ ನೀವೇ ಮಾತಾಡ್ಬಿಡಿ, ನನ್ನ ಮುಂದೆ ಬೇಡ" ಎಂದು ಒಪ್ಪಿದರು. ಮರ್ಯಾದೆಗೆ ಸಂಬಂಧಿಸಿದ ಕೊಡುಗೆಯನ್ನು ಅವರಲ್ಲಿಯೇ ಉಳಿಸಿ, ನಿತ್ಯದ ವೆಚ್ಚವನ್ನು ಮಾತ್ರ ಸ್ಥಳಾಂತರಿಸಿದ ಈ ಕ್ರಮವನ್ನು ನಾನು ಯಾವ ದಂಪತಿಗಳಿಗಾದರೂ ಧೈರ್ಯವಾಗಿ ಹೇಳುವೆನು. ಇದನ್ನು ಮೊದಲೇ ಮಾತನಾಡಿಕೊಂಡರೆ ಇನ್ನೂ ಲೇಸು. ಆಸ್ಪತ್ರೆಗೆಂದು ಕೂಡಿಸುವ ಮೊತ್ತದಷ್ಟನ್ನೇ ಬಾಣಂತನಕ್ಕೂ ಕೂಡಿಸಿ, ಮನೆಗೆಲಸದವರನ್ನು ಏಳನೆಯ ತಿಂಗಳಿನಲ್ಲಿಯೇ ಗೊತ್ತುಮಾಡಿ, ತಾಯಿಯ ಮಂಡಿಯನ್ನು ಬಾಣಂತನಕ್ಕೆ ಮುಂಚಿತವಾಗಿ ವೈದ್ಯರಿಗೆ ತೋರಿಸುವುದನ್ನು ಕೂಡ ತಯಾರಿಯ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ಬೆಂಗಳೂರಿನ ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಹೆಂಗಸೂ ಅದೇ ವರ್ಷ ಚೊಚ್ಚಲ ಬಸುರಿಯಾಗಿದ್ದಳು. ಅವಳ ಬಸಿರಿನ ಲೆಕ್ಕವನ್ನು ನನ್ನದರ ಪಕ್ಕದಲ್ಲಿರಿಸಿ ನೋಡದೆ ಈ ಲೇಖನ ಪೂರ್ಣವಾಗದು. ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡು ಮಾಡಿಸಿದ್ದರಿಂದ ಅವಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಕಬ್ಬಿಣದ ಮಾತ್ರೆ, ಹೆರಿಗೆ ಎಲ್ಲವೂ ಉಚಿತವಾಯಿತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಿಸೇರಿಯನ್ ಆದರೂ ಔಷಧಿ, ರಕ್ತ, ಆಸ್ಪತ್ರೆಯಲ್ಲಿನ ಊಟ, ಮನೆಗೆ ವಾಹನ ಇವುಗಳಿಗೆ ಹಣ ತೆರಬೇಕಾಗಿಲ್ಲ. ಮಾತೃವಂದನಾ ಯೋಜನೆಯಿಂದ ಮೊದಲ ಮಗುವಿಗೆ 3,000 ಮತ್ತು 2,000 ರೂಪಾಯಿಗಳ ಎರಡು ಕಂತುಗಳಲ್ಲಿ 5,000 ರೂಪಾಯಿ. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿತು. ಆದರೆ ಊಟದ ಹೊತ್ತಿಗೆ ಅವಳು ಇನ್ನೊಬ್ಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ವೈದ್ಯೋಪಚಾರದ ಮಟ್ಟಿಗೆ ಸರ್ಕಾರ ಮಾಡಿರುವುದನ್ನು ನಾನು ಮನಃಪೂರ್ವಕವಾಗಿ ಕೊಂಡಾಡುತ್ತೇನೆ. ನನ್ನ 26 ವಾರಗಳ ವೇತನಕ್ಕೆ ಪ್ರತಿಯಾಗಿ ಅವಳಿಗೆ ದೊರೆತುದು ಆ 5,000 ರೂಪಾಯಿ ಮಾತ್ರ. 2013ರ ಆಹಾರ ಭದ್ರತಾ ಕಾಯಿದೆಯೇ ಈ ನೆರವು 6,000 ರೂಪಾಯಿಗೆ ಕಡಿಮೆಯಾಗಕೂಡದೆಂದು ಹೇಳಿದೆ. ಅಂದಿನಿಂದ ಅಕ್ಕಿಬೇಳೆಗಳ ಬೆಲೆ ಎಲ್ಲಿಗೆ ಏರಿದೆಯೆಂಬುದನ್ನು ಅಡುಗೆ ಮಾಡುವವರೆಲ್ಲ ಬಲ್ಲರು. ಅವಳ ತವರಿನಲ್ಲಿ ತಾಯಿಯೂ ಕೂಲಿಯವಳು. ಒಂದು ದಿನ ಮಗಳ ಬಳಿ ಕುಳಿತರೆ ಆ ದಿನದ ಕೂಲಿ ಹೋಗುವುದು.

ಅವಳು ನಮ್ಮ ಬೀದಿಯಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಿದ್ದಳು. ಹೆರಿಗೆಯ ರಜೆಯಲ್ಲಿಯೂ ಅವಳ ಸಂಬಳವನ್ನು ನಿಲ್ಲಿಸದಿರೋಣವೆಂದು ನಾನು ಉಳಿದ ಎರಡು ಮನೆಗಳ ಗೃಹಿಣಿಯರೊಡನೆ ಮಾತನಾಡಿದೆನು. ಒಬ್ಬರು ಕೂಡಲೇ ಒಪ್ಪಿದರು. ಮತ್ತೊಬ್ಬರು, ಬದಲಿಗೆ ಬರುವವಳಿಗೂ ಸಂಬಳ ಕೊಡಬೇಕಲ್ಲ ಎಂದು ಹಿಂದೆಗೆದು, ವಾರದ ಬಳಿಕ ತಾವೇ ಬಂದು ಅರ್ಧವನ್ನು ಕೊಡುವುದಾಗಿ ಹೇಳಿದರು. ಅವಳು ತನ್ನ ಊರಿಗೆ ಹೋದ ಮೇಲೆ ತಿಂಗಳ ಮೊದಲ ವಾರ ಅವಳ ಖಾತೆಗೆ ಹಣ ಹೋಗುತ್ತಿತ್ತು, ಅವಳ ಕೂಸಿಗೆ ಆರು ತಿಂಗಳು ತುಂಬುವ ಪರ್ಯಂತ. ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಅದನ್ನು ನಾನು ದಾನವೆಂಬ ತಲೆಬರಹದ ಕೆಳಗೆ ಬರೆಯದೆ ಸಂಬಳವೆಂಬ ತಲೆಬರಹದ ಕೆಳಗೇ ಬರೆದಿದ್ದೇನೆ.