ನೆಲದಡಿಯ ಲೆಕ್ಕ

ಬಂಟ್ವಾಳದ ನಮ್ಮ ಹಳೆ ಮನೆಯನ್ನು ದುರಸ್ತಿ ಮಾಡಿಸುವಾಗ ನೆಲಕ್ಕೆಂದು ನಾನು ಎತ್ತಿಟ್ಟದ್ದು ಒಂದೂವರೆ ಲಕ್ಷ ರೂಪಾಯಿ. ಕೆಲಸ ಮುಗಿಯುವಾಗ ಎರಡು ಲಕ್ಷ ದಾಟಿತ್ತು. ಹೆಚ್ಚಿಗೆ ಹೋದದ್ದರಲ್ಲಿ ಒಂದು ರೂಪಾಯಿಯೂ ಒಳ್ಳೆಯ ಟೈಲ್ಸ್‌ಗೆ ಹೋಗಲಿಲ್ಲ. ಅಷ್ಟೂ ಒಂದೇ ಕೋಣೆಯ ನೆಲವನ್ನು ಎರಡನೇ ಸಲ ಹಾಕಿಸಿದ್ದಕ್ಕೆ ಕರಗಿತು.

ಮನೆ ಒಂದೇ, ಅದರ ಅಡಿ ಮಾತ್ರ ಮೂರು ಬಗೆ. ಚಾವಡಿಯದು ಅಜ್ಜನ ಕಾಲದ ಕೆಂಪು ಕಾವಿಯ ನೆಲ, ದಮ್ಮಾಸು ಹೊಡೆದು ಗಟ್ಟಿ ಮಾಡಿದ ಮಣ್ಣಿನ ಮೇಲೆ ಕೂತದ್ದು. ಹಿಂದೆ ನದಿಯ ಕಡೆಗೆ ಇಳಿಜಾರು. ಅಲ್ಲಿ ಹೊಸ ಕೋಣೆ ಕಟ್ಟಲು ನಾಲ್ಕಡಿ ಮಣ್ಣು ತುಂಬಿಸಬೇಕಾಯಿತು. ಮಾಳಿಗೆಯದು ಕಾಂಕ್ರೀಟ್ ಸ್ಲ್ಯಾಬ್. ನಾನು ಅಂಗಡಿಯಲ್ಲಿ ವಿಚಾರಿಸಿದ್ದು ಬಣ್ಣ ಮತ್ತು ಚದರಡಿಯ ದರ ಎರಡನ್ನೇ. ಯಾವ ಕೋಣೆಯ ಅಡಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಮಣ್ಣು ತುಂಬಿಸಿದೆವು, ಏಪ್ರಿಲ್‌ನಲ್ಲಿ ಟೈಲ್ಸ್, ಮೇ ತಿಂಗಳಲ್ಲಿ ಗೃಹಪ್ರವೇಶ. ಆಟಿ ತಿಂಗಳು ಬರುವಷ್ಟರಲ್ಲಿ ಆ ಕೋಣೆಯ ಮೂಲೆ ತಗ್ಗಿತು. ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟುತ್ತಾ ಹೋದರು; ಸಾಲಿಗೆ ಸಾಲೇ ಪೊಳ್ಳು ಸದ್ದು. ಒಂದು ಟೈಲ್ಸ್ ಎಬ್ಬಿಸಿದರೆ ಅದರ ಬೆನ್ನು ಪೆಟ್ಟಿಗೆಯಿಂದ ಆಗಷ್ಟೇ ತೆಗೆದಷ್ಟು ಚೊಕ್ಕ. ಬೆನ್ನಿನ ಗೀರುಗಳ ಅಚ್ಚು ಕೆಳಗಿನ ಸಿಮೆಂಟಿನಲ್ಲಿ ಹಾಗೇ ಮೂಡಿತ್ತು, ಹಿಡಿತ ಮಾತ್ರ ಇರಲಿಲ್ಲ. ಸಿಮೆಂಟನ್ನೂ ಒಡೆದಾಗ ಬೆರಳು ತೂರುವಷ್ಟು ಸಂದು, ಅದರಾಚೆ ಒದ್ದೆ ಮಣ್ಣು, ಗೆದ್ದಲಿನ ಸಾಲು.

ಎರಡು ತಪ್ಪು ಅಲ್ಲಿ ಒಟ್ಟಿಗೆ ಸೇರಿದ್ದವು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಲಾರಿಯಿಂದ ಒಮ್ಮೆಲೇ ಸುರಿದ ಮಣ್ಣು ನೀರು ಕುಡಿದ ಮೇಲೆ ಕೂರಲೇಬೇಕು. ಅರ್ಧರ್ಧ ಅಡಿ ತುಂಬಿ, ನೀರು ಹಾಯಿಸಿ, ದಮ್ಮಾಸು ಹೊಡೆಯುತ್ತಾ ಮೇಲೆ ಬರಬೇಕಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕಿಂಚು ಜಲ್ಲಿ ಕಾಂಕ್ರೀಟ್ ಹಾಕಬೇಕಿತ್ತು. ಇನ್ನೊಂದು, ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇ 0.5ಕ್ಕಿಂತ ಕಡಿಮೆ. ಬರೀ ಸಿಮೆಂಟ್ ಹಾಲಿಗೆ ಅದು ಸರಿಯಾಗಿ ಕಚ್ಚುವುದಿಲ್ಲ, ಅದಕ್ಕೆಂದೇ ಇರುವ ಅಂಟು ಬೇಕು. ಚದರಡಿಗೆ ಮೂವತ್ತು–ನಲವತ್ತು ರೂಪಾಯಿ ಹೆಚ್ಚು ಬೀಳುತ್ತದೆಂದು ನಾನು ಅದನ್ನು ಬೇಡವೆಂದಿದ್ದೆ. ಆ ಕೋಣೆಯಲ್ಲಿ ಉಳಿಸಿದ್ದು ಏಳು ಸಾವಿರ, ಕಳೆದುಕೊಂಡದ್ದು ಐವತ್ತೈದು ಸಾವಿರ.

ಮಾಳಿಗೆಯಲ್ಲಿ ಈ ತೊಂದರೆ ಬರಲಿಲ್ಲ, ಸ್ಲ್ಯಾಬ್ ಕೂರುವುದೂ ಇಲ್ಲ, ನೆಲದ ತೇವ ಅಲ್ಲಿಗೆ ಏರುವುದೂ ಇಲ್ಲ. ಮರದ ಹಾಗೆ ಕಾಣುವ ಲ್ಯಾಮಿನೇಟ್ ಆಸೆಯಿದ್ದವರು ಅಂಥ ಕಡೆ ಹಾಕಿಸಲಿ. ಮೂಡುಬಿದಿರೆಯ ನಮ್ಮ ನೆಂಟರು ಕೆಳಗಿನ ಮಲಗುವ ಕೋಣೆಗೇ ಹಾಕಿಸಿದ್ದರು. ಎರಡನೇ ಮಳೆಗಾಲಕ್ಕೆ ಸೇರುವೆಗಳೆಲ್ಲ ಉಬ್ಬಿ ಬಾಗಿಲು ತೆರೆಯದಾಯಿತು.

ಕೊಳ್ಳುವಾಗ ಇನ್ನೊಂದು ಲೆಕ್ಕವೂ ನೆನಪಿರಲಿ. ಎರಡಡಿಗೆ ಎರಡಡಿ ಎಂದು ಮಾರುವ ಟೈಲ್ಸ್ ನಿಜವಾಗಿ 600 ಮಿಲಿಮೀಟರ್. ನಾಲ್ಕು ಟೈಲ್ಸ್‌ನ ಪೆಟ್ಟಿಗೆ 16 ಚದರಡಿಯಲ್ಲ, ಹದಿನೈದೂವರೆ. ಸಾವಿರ ಚದರಡಿಗೆ ಎರಡು ಪೆಟ್ಟಿಗೆಯ ವ್ಯತ್ಯಾಸ ಅಲ್ಲೇ ಬರುತ್ತದೆ, ಕತ್ತರಿಸಿ ಹಾಳಾಗುವುದು ಬೇರೆ. ಕಡಿಮೆ ಬಿದ್ದಾಗ ಮತ್ತೆ ತರಲು ಹೋದರೆ ಬ್ಯಾಚ್ ಬದಲಾಗಿ ಬಣ್ಣ ಹೊಂದುವುದಿಲ್ಲ. ಮುಗಿದ ಮೇಲೂ ಒಂದು ಪೆಟ್ಟಿಗೆ ಅಟ್ಟದಲ್ಲಿ ಉಳಿಯುವಷ್ಟು ತನ್ನಿ.

ಚಾವಡಿಯ ಕಾವಿಯನ್ನು ಒಡೆಯಲು ನನಗೆ ಮನಸ್ಸಾಗಲಿಲ್ಲ. ನುಣುಪಾದ ಆ ನೆಲದ ಮೇಲೆ ಟೈಲ್ಸ್ ನಿಲ್ಲಬೇಕಾದರೆ ಇಡೀ ಚಾವಡಿಗೆ ಉಳಿ ಹೊಡೆದು ಒರಟು ಮಾಡಬೇಕು. 1974ರ ನೆರೆಯಲ್ಲಿ ನೇತ್ರಾವತಿಯ ನೀರು ಆ ಚಾವಡಿಗೆ ನುಗ್ಗಿತ್ತು. ನೀರಿಳಿದ ಮೇಲೆ ಅಜ್ಜಿ ಕೆಸರು ತೊಳೆದು ತೆಂಗಿನೆಣ್ಣೆ ತಿಕ್ಕಿದರು, ನೆಲ ಬಿರುಕು ಬಿಟ್ಟಿರಲಿಲ್ಲ. ಇಂದಿಗೂ ನಾವು ಊಟಕ್ಕೆ ಕೂರುವುದು ಅದರ ಮೇಲೆಯೇ, ಅದಕ್ಕೆ ಖರ್ಚಾದದ್ದು ಎಣ್ಣೆಯದಷ್ಟೇ.

ಈ ಚಳಿಗಾಲದಲ್ಲಿ ಮನೆಗೆ ಮಣ್ಣು ತುಂಬಿಸಲು ಹೊರಟವರು ನಿಮ್ಮಲ್ಲಿದ್ದರೆ ಒಂದು ಕೋರಿಕೆ: ಒಂದು ಮಳೆಗಾಲ ಅದರ ಮೇಲೆ ಹಾದುಹೋಗಲಿ, ಟೈಲ್ಸ್ ಅಂಗಡಿಗೆ ದೀಪಾವಳಿಯ ನಂತರ ಹೋಗಿ.