ನೆಲವನ್ನು ಓದುವ ಬಗೆ

ಭೂಗೋಳವನ್ನು ಪುಸ್ತಕದಲ್ಲಿ ಓದಿದರಷ್ಟೇ ಸಾಲದು; ನಡೆದು, ನೋಡಿ, ಮುಟ್ಟಿ ಅರಿಯಬೇಕು. ಕಲಬುರಗಿ ಜಿಲ್ಲೆಯ ಪೂರ್ವಭಾಗವು ಅದಕ್ಕೆ ತಕ್ಕ ಬಯಲುಶಾಲೆ.

ಶಹಾಬಾದಿನ ಕಲ್ಲುಗಣಿಯನ್ನು ಅಂಚಿನಿಂದ ದೂರ ನಿಂತು ನೋಡಿರಿ. ಕಲ್ಲು ಹಾಳೆಗಳಂತೆ ಪದರಪದರವಾಗಿದೆ. ಅದರ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆಗಳೇಳುತ್ತವೆ. ಅದು ಸುಣ್ಣಕಲ್ಲು, ಪುರಾತನ ಕಡಲಿನ ತಳದಲ್ಲಿ ಕೆಸರಾಗಿ ಕುಳಿತು ಗಟ್ಟಿಗೊಂಡುದು. ಅದೇ ನಮ್ಮ ಮನೆಗಳಿಗೆ ನೆಲಹಾಸಾಯಿತು. ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ಸಿಮೆಂಟಾಯಿತು.

ಚಿಂಚೋಳಿಯತ್ತ ಏರಿದರೆ ನೋಟ ಬದಲಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಕಪ್ಪುಶಿಲೆಯೂ ಕೆಂಪು ಜಂಬಿಟ್ಟಿಗೆಯೂ ಅಲ್ಲಿವೆ. ಇಂಥ ಕಪ್ಪುಶಿಲೆ ಸವೆದು ಕರಿಮಣ್ಣಾಗುತ್ತದೆ. ಚಿತ್ತಾಪುರದ ಹೊಲಗಳಲ್ಲಿ ತೊಗರಿಯನ್ನು ಪೋಷಿಸುವುದು ಆ ಕರಿಮಣ್ಣೇ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಕಂಡುದನ್ನು ಅಲ್ಲಿಯೇ ಬರೆದುಕೊಳ್ಳಿರಿ: ದಿನಾಂಕ, ಸ್ಥಳ, ಕಲ್ಲಿನ ಬಣ್ಣ, ಬಾವಿಯ ನೀರಿನ ಆಳ. ಗಣಿಯಲ್ಲಿ ದುಡಿಯುವವರನ್ನೂ ಹೊಲದ ಹಿರಿಯರನ್ನೂ ವಿನಯದಿಂದ ವಿಚಾರಿಸಿರಿ. ಪ್ರತಿವರ್ಷವೂ ಅದೇ ಬಾವಿಯನ್ನು ಅಳೆದರೆ ನಿಮ್ಮ ಟಿಪ್ಪಣಿ ಊರಿನ ದಾಖಲೆಯಾಗುತ್ತದೆ.

ಬಿತ್ತಿದರೆ ತೊಗರಿ ಮರಳಿ ಬರುತ್ತದೆ. ತೆಗೆದ ಕಲ್ಲು ಮರಳಿ ಬಾರದು. ಎಲ್ಲಿ ಅಗೆಯಬೇಕು, ಎಲ್ಲಿ ಉಳಬೇಕು ಎಂಬುದನ್ನು ನಾಳೆ ನೀವೇ ನಿರ್ಧರಿಸಬೇಕಾದೀತು. ನೆಲವನ್ನು ಬಲ್ಲವರಷ್ಟೇ ಅದನ್ನು ಸರಿಯಾಗಿ ನಿರ್ಧರಿಸಬಲ್ಲರು.