ಕೊಂಡವರು ಬೇಡವೆಂದಾಗ

ಜವಳಿ ಅಂಗಡಿಯಲ್ಲಿ ಗಿರಾಕಿಯು ಹತ್ತು ಸೀರೆಗಳನ್ನು ಬಿಚ್ಚಿಸಿ, ಅಂಚನ್ನು ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಏನನ್ನೂ ಕೊಳ್ಳದೆ ಎದ್ದುಹೋಗುವುದುಂಟು. ಇದನ್ನು ಯಾವ ವರ್ತಕನೂ ಮೋಸವೆಂದು ಕರೆಯುವುದಿಲ್ಲ; "ಮತ್ತ ಬರ್ರಿ" ಎಂದು ಹೇಳಿ ಸೀರೆಗಳನ್ನು ಮಡಿಸಿಡುತ್ತಾನೆ. ಆದರೆ ಅದೇ ಗಿರಾಕಿಯು ಮೊಬೈಲಿನಲ್ಲಿ ಚಿತ್ರ ನೋಡಿ ಆರ್ಡರು ಕೊಟ್ಟು, ಮರುದಿನ ಬೇಡವೆಂದು ರದ್ದು ಮಾಡಿದರೆ, ಮಾರುವವನಿಗೆ ಕೋಪ ಬರುತ್ತದೆ. ಈ ಎರಡು ನಡತೆಗಳಲ್ಲಿ ವ್ಯತ್ಯಾಸವೆಷ್ಟು? ಅಂಗಡಿಯಲ್ಲಿ ಸಂದೇಹವು ಕೊಳ್ಳುವುದಕ್ಕೆ ಮೊದಲೇ ಹುಟ್ಟಿ ಅಲ್ಲಿಯೇ ತೀರುತ್ತದೆ. ಆನ್‌ಲೈನ್ ವ್ಯಾಪಾರದಲ್ಲಿ ಅದೇ ಸಂದೇಹವು ಕೊಂಡ ಮೇಲೆ ಹುಟ್ಟುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ರದ್ದತಿಯ ಪ್ರಶ್ನೆಯನ್ನು ಸಮಾಧಾನದಿಂದ ವಿಚಾರಿಸಬಹುದೆಂದು ನನ್ನ ಅಭಿಪ್ರಾಯ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಇಳಕಲ್ಲಿನಲ್ಲಿರುವ ನಮ್ಮ ಕಾಕಾನ ಮನೆಯಲ್ಲಿ ಎರಡು ಕೈಮಗ್ಗಗಳಿವೆ. ಅಲ್ಲಿ ನೆಯ್ದ ಸೀರೆಗಳನ್ನು ಮೊಬೈಲಿನ ಮೂಲಕ ಮಾರುವ ಕೆಲಸವು ಎರಡು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆದುದರಿಂದ ಇಲ್ಲಿ ಬರೆಯುವುದು ಕೇವಲ ಪುಸ್ತಕದ ವಿಚಾರವಲ್ಲ.

ಸಮಸ್ಯೆಯು ಹೊಸದೇನೂ ಅಲ್ಲ. ನಮ್ಮ ದೇಶದ ಅಂಚೆಯಲ್ಲಿ ೧೮೭೭ರಲ್ಲಿ ವಿ.ಪಿ. ಪದ್ಧತಿಯು ಆರಂಭವಾಯಿತು. ಪಾರ್ಸೆಲು ತಲಪಿದಾಗ ಅಂಚೆಯವನಿಗೆ ಹಣ ಕೊಟ್ಟು ವಸ್ತುವನ್ನು ಪಡೆಯುವ ಏರ್ಪಾಡು ಅದು. ವಿಳಾಸದಾರನು ಬೇಡವೆಂದರೆ ಪಾರ್ಸೆಲು ಹಿಂದಿರುಗುತ್ತಿತ್ತು. ಅಂಚೆಯ ವೆಚ್ಚ ಕಳುಹಿಸಿದವನ ತಲೆಗೆ ಬೀಳುತ್ತಿತ್ತು. ೨೦೦೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ೨೦೧೦ರಲ್ಲಿ ಜಾರಿಗೆ ತಂದ ಕ್ಯಾಶ್ ಆನ್ ಡೆಲಿವರಿಯೂ ಇದೇ ಜಾತಿಯದು. ಅಪರಿಚಿತನಿಗೆ ಮುಂಗಡ ಹಣ ಕೊಡಲು ಹೆದರುವ ಜನರನ್ನು ಅದು ವ್ಯಾಪಾರಕ್ಕೆ ಕರೆತಂದಿತು; ಅದರೊಂದಿಗೆ ತಿರಸ್ಕೃತ ಪಾರ್ಸೆಲುಗಳ ಕಷ್ಟವೂ ಬಂದಿತು.

ಈಗ ಕಾನೂನನ್ನು ನೋಡೋಣ. ೧೮೭೨ರ ಭಾರತೀಯ ಕರಾರು ಕಾಯಿದೆಯ ಐದನೆಯ ಕಲಮಿನ ಪ್ರಕಾರ, ಪ್ರಸ್ತಾಪ ಮಾಡಿದವನು ಎದುರು ಪಕ್ಷದ ಒಪ್ಪಿಗೆಯು ಹೊರಟುಬರುವವರೆಗೆ ಅದನ್ನು ಹಿಂತೆಗೆದುಕೊಳ್ಳಬಹುದು. ಗಿರಾಕಿಯ ಆರ್ಡರು ಸಾಮಾನ್ಯವಾಗಿ ಅಂಥ ಪ್ರಸ್ತಾಪವೇ. ಹರಾಜಿನಲ್ಲಿಯೂ ಸುತ್ತಿಗೆ ಬೀಳುವವರೆಗೆ ಸವಾಲನ್ನು ಹಿಂತೆಗೆದುಕೊಳ್ಳಲು ೧೯೩೦ರ ಸರಕು ಮಾರಾಟ ಕಾಯಿದೆಯು ಅವಕಾಶ ಕೊಟ್ಟಿದೆ. ಒಪ್ಪಿಗೆಯಾದ ಮೇಲೆ ವಿನಾಕಾರಣ ಸರಕನ್ನು ಸ್ವೀಕರಿಸದವನಿಂದ ನಷ್ಟಪರಿಹಾರ ಕೇಳುವ ಹಕ್ಕು ಮಾರಿದವನಿಗಿದೆ, ನಿಜ. ಆದರೆ ಒಂದು ಸೀರೆಗಾಗಿ ಯಾರು ಕೋರ್ಟಿನ ಮೆಟ್ಟಿಲು ಹತ್ತಿಯಾರು? ಇತ್ತ ೨೦೨೦ರ ಇ-ವಾಣಿಜ್ಯ ನಿಯಮಗಳು ಮಾರುವವನ ಹೊಣೆಯನ್ನೂ ಹೇಳಿವೆ: ವಸ್ತುವು ದೋಷವುಳ್ಳದ್ದಾದರೆ, ಜಾಹೀರಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ಅವಧಿಯನ್ನು ಮೀರಿ ತಲಪಿದರೆ, ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ.

ಕಾನೂನಿಗಿಂತ ಲೆಕ್ಕವು ಹೆಚ್ಚು ಕಲಿಸುತ್ತದೆ. ಉದಾಹರಣೆಗೆ, ಒಂದು ಸೀರೆಗೆ ಲಾಭ ೧೫೦ ರೂಪಾಯಿ, ಪಾರ್ಸೆಲು ಹೋಗಿಬರುವ ವೆಚ್ಚ ೧೨೦ ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ಪಾರ್ಸೆಲುಗಳಲ್ಲಿ ಮೂರು ಹಿಂದಿರುಗಿದರೆ ಏಳರ ಲಾಭ ೧೦೫೦, ಮೂರರ ನಷ್ಟ ೩೬೦, ಉಳಿಯುವುದು ೬೯೦. ಐದು ಹಿಂದಿರುಗಿದರೆ ಉಳಿಯುವುದು ೧೫೦ ಮಾತ್ರ. ಆರು ಹಿಂದಿರುಗಿದರೆ ೧೨೦ ರೂಪಾಯಿ ಕೈಯಿಂದಲೇ ಹೋಗುತ್ತದೆ. ಆದರೆ ಆ ಆರು ಮಂದಿಯೂ ಪಾರ್ಸೆಲು ಹೊರಡುವುದಕ್ಕೆ ಮೊದಲೇ ಬೇಡವೆಂದಿದ್ದರೆ ನಷ್ಟವೇ ಇಲ್ಲ; ನಾಲ್ಕರ ಲಾಭ ೬೦೦ ಪೂರ್ತಿ ಉಳಿಯುತ್ತದೆ. ರದ್ದು ಮಾಡಿದ ಜನರ ಸಂಖ್ಯೆ ಒಂದೇ. ರದ್ದು ಮಾಡಿದ ವೇಳೆ ಮಾತ್ರ ಬೇರೆ. ಆದುದರಿಂದ ಮಾರುವವನು ಮಾಡಬೇಕಾದುದು ರದ್ದತಿಯನ್ನು ತಡೆಯುವುದಲ್ಲ, ಅದನ್ನು ಬೇಗ ಹೊರಗೆ ತರುವುದು.

ಇದಕ್ಕಾಗಿ ನಾನು ಅನುಸರಿಸುವ ಕ್ರಮಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಪಾರ್ಸೆಲು ಕಟ್ಟುವ ಮುನ್ನ ಗಿರಾಕಿಗೆ ಫೋನು ಮಾಡುವುದು. "ಅಕ್ಕಾರ, ಸೀರಿ ಇನ್ನೂ ಕಳಿಸಿಲ್ಲರಿ. ಮನಸ್ಸು ಬದಲಾಗಿದ್ರ ಈಗ ಹೇಳ್ರಿ, ಏನೂ ಬ್ಯಾಸರಿಲ್ಲ" ಎಂದರೆ, ಸಂಕೋಚದಿಂದ ಸುಮ್ಮನಿದ್ದವರು ಮಾತನಾಡುತ್ತಾರೆ. ಕೆಲವರು ಬೇಡವೆನ್ನುತ್ತಾರೆ, ಕೆಲವರು ಬೇರೆ ಬಣ್ಣ ಕೇಳುತ್ತಾರೆ.

ಎರಡನೆಯದಾಗಿ, ಬೇಡವೆಂದವರ ಹಣವನ್ನು ಅದೇ ದಿನ ಹಿಂದಿರುಗಿಸುವುದು. ಹಣವು ನಿಜವಾಗಿ ಜಮಾ ಆಗಿತ್ತೇ ಎಂಬುದನ್ನು ಬ್ಯಾಂಕಿನ ಖಾತೆಯಲ್ಲಿಯೇ ನೋಡಬೇಕು. ಅವರು ಕಳುಹಿಸಿದ ಚಿತ್ರವನ್ನು ನಂಬಬಾರದು. ಹಣವು ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಹೋಗಬೇಕು. ರದ್ದತಿಯ ನೆಪದಿಂದ ವಂಚಿಸುವವರೂ ಇದ್ದಾರೆ.

ಮೂರನೆಯದಾಗಿ, ಕಾರಣವನ್ನು ಒಂದೇ ಸಲ, ವಿನಯದಿಂದ ಕೇಳಿ ಬರೆದಿಡುವುದು. ನನ್ನ ವಹಿಯಲ್ಲಿ ಹೆಚ್ಚಾಗಿ ಕಾಣುವ ಕಾರಣ ಬಣ್ಣದ್ದು. ಆದಕಾರಣ ಈಗ ಸೀರೆಯನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅರಿಸಿನದ ಕೊಂಬು, ವೀಳ್ಯದೆಲೆ ಇಟ್ಟು ಚಿತ್ರ ತೆಗೆಯುತ್ತೇನೆ. ಪರದೆಯ ಬಣ್ಣ ಹೇಗೇ ಇರಲಿ, ವೀಳ್ಯದೆಲೆಯ ಹಸಿರು ಎಲ್ಲರಿಗೂ ಗೊತ್ತು. ಉದ್ದವೆಷ್ಟು, ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ನಾಲ್ಕನೆಯದು, ಹೇಳಿ ನೆಯ್ಯಿಸುವ ಸೀರೆಯ ವಿಚಾರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಸೀರೆಗೂ ಇವೆರಡನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೊಂಡಿ ಬಿದ್ದ ಮೇಲೆ ಬೇಡವೆಂದರೆ ನಷ್ಟವಾಗುವುದು ನನಗಲ್ಲ; ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ಕಾಕಾನಿಗೆ, ಹಾಸು ಸಿದ್ಧಪಡಿಸಿದ ಕಾಕುವಿಗೆ. ಆದುದರಿಂದ ಇಂಥ ಸೀರೆಗೆ ಸ್ವಲ್ಪ ಮುಂಗಡ ಪಡೆಯುತ್ತೇವೆ. ಕೊಂಡಿ ಹಾಕುವವರೆಗೆ ಬೇಡವೆಂದರೆ ಪೂರ್ತಿ ವಾಪಸು, ಆಮೇಲೆ ಇಲ್ಲ ಎಂದು ಮೊದಲೇ ಕನ್ನಡದಲ್ಲಿ ಬರೆದು ಕಳುಹಿಸುತ್ತೇವೆ. ಯೂರೋಪಿಯನ್ ಒಕ್ಕೂಟದಲ್ಲಿ ೨೦೧೧ರ ನಿರ್ದೇಶದ ಪ್ರಕಾರ ಕಾರಣ ಹೇಳದೆಯೇ ೧೪ ದಿನಗಳೊಳಗೆ ಖರೀದಿಯಿಂದ ಹಿಂದೆ ಸರಿಯಬಹುದು. ಆದರೆ ಅಲ್ಲಿಯೂ ಗಿರಾಕಿಯ ಬೇಡಿಕೆಯಂತೆ ವಿಶೇಷವಾಗಿ ಮಾಡಿಸಿದ ವಸ್ತುವಿಗೆ ಈ ಹಕ್ಕಿಲ್ಲ. ಅದೇ ವೇಳೆಗೆ ನ್ಯಾಯವು ಎರಡು ಕಡೆಗೂ ಇರಬೇಕು. ರದ್ದತಿಯ ಶುಲ್ಕ ವಿಧಿಸುವ ಇ-ವಾಣಿಜ್ಯ ಸಂಸ್ಥೆಯು ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ಭರಿಸಬೇಕೆಂದು ನಮ್ಮ ೨೦೨೦ರ ನಿಯಮಗಳು ಹೇಳುತ್ತವೆ. ಈ ತತ್ತ್ವವನ್ನು ನಾವೂ ಒಪ್ಪಿದ್ದೇವೆ: ಸೀರೆ ಕೊಡಲಾಗದಿದ್ದರೆ ಮುಂಗಡದೊಂದಿಗೆ ಅಷ್ಟೇ ಹಣವನ್ನು ಸೇರಿಸಿ ಕೊಡುತ್ತೇವೆ.

ಕೊನೆಯದಾಗಿ, ಬಾಗಿಲಿಗೆ ಹೋದ ಪಾರ್ಸೆಲನ್ನು ತಿರಸ್ಕರಿಸಿದವರ ವಿಷಯ. ಅಂಥವರ ಹೆಸರನ್ನೂ ಫೋನು ನಂಬರನ್ನೂ ಮಾರುವವರ ಗುಂಪುಗಳಲ್ಲಿ ಹಾಕಿ ಅವಮಾನಿಸುವವರನ್ನು ಕಂಡಿದ್ದೇನೆ. ಇದು ಸರ್ವಥಾ ಸಲ್ಲದು. ಒಬ್ಬ ಹೆಣ್ಣುಮಗಳು ಆಸೆಪಟ್ಟು ಸೀರೆ ತರಿಸಿರಬಹುದು. ಬಾಗಿಲಲ್ಲಿ ಹಣ ಕೊಡಬೇಕಾದವರು ಮನೆಯ ಬೇರೊಬ್ಬರಾಗಿರಬಹುದು. ಆಕೆಯ ನಂಬರನ್ನು ನಮಗೆ ಕೊಟ್ಟದ್ದು ಸೀರೆ ತಲಪಿಸುವುದಕ್ಕಾಗಿಯೇ ಹೊರತು ಬೀದಿಗೆ ಹಾಕುವುದಕ್ಕಲ್ಲ. ಮುಂದಿನ ಸಲ ಹಣವನ್ನು ಮೊದಲೇ ಕೇಳಿದರೆ ಸಾಕು. ಹಿಂದಿರುಗಿದ ಸೀರೆಯನ್ನು ಬಿಚ್ಚಿ, ಕಲೆ ಸುಕ್ಕು ನೋಡಿ, ಮತ್ತೆ ಮಾರಾಟಕ್ಕಿಡಬಹುದು.

ನಮ್ಮ ಕಾಲೇಜಿನ ಎಷ್ಟೋ ಸಹಪಾಠಿಗಳ ಮನೆಗಳಲ್ಲಿ ಮಗ್ಗವುಂಟು, ಕೌದಿ ಹೊಲಿಗೆಯುಂಟು, ರೊಟ್ಟಿ ಶೇಂಗಾಹಿಂಡಿಯ ತಯಾರಿಕೆಯುಂಟು. ಮಾರುವ ಹೊಣೆ ನಾಳೆ ಅವರ ಕೈಗೂ ಬರಬಹುದು. ಆಗ ರದ್ದಾದ ಆರ್ಡರನ್ನು ಕಂಡು ಮನೆಯವರು ಎದೆಗುಂದಿದರೆ, ಕೈಯಲ್ಲಿ ವಹಿ ಹಿಡಿದು ಲೆಕ್ಕವನ್ನು ತಿಳಿಸಿಕೊಡುವುದು ಓದಿದ ನಮ್ಮ ಕರ್ತವ್ಯವಾಗಿದೆ.